ಎಳೆಯರ ತಂಡ ಕಟ್ಟಿದ ಕಥೆ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಈ ವರ್ಷದ ಸಭೆಯಲ್ಲಿ ಆಟಗಳ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನಾವು ಸಂತೋಷದಿಂದ ಒಪ್ಪಿಕೊಂಡೆವು. ಯಾವ ಆಟವೆಂದು ಅವರು ವಿಚಾರಿಸಿದರು. ಬಾಸ್ಕೆಟ್‌ಬಾಲ್ ಎಂದೆವು, ಅವರ ಮುಖ ಅರಳಿತು. ಅಂಕಣದಲ್ಲಿ ಆಡುವುದಲ್ಲ, ಕಂಪ್ಯೂಟರಿನೊಳಗೆ ನಡೆಯುವುದು ಎಂದು ಸೇರಿಸಿದೆವು. ಅರಳಿದ ಮುಖ ಸ್ವಲ್ಪ ಮುದುಡಿತು. ಮಕ್ಕಳ ಕಣ್ಣನ್ನು ಪರದೆಯಿಂದ ಬಿಡಿಸುವ ದಾರಿ ಕಾಣದೆ ಬೇಸತ್ತಿರುವ ತಾಯಿತಂದೆಗಳ ಮುಂದೆ ವಯಸ್ಸಾದವರೊಬ್ಬರು ನಿಂತು ಪರದೆಯ ಆಟವನ್ನೇ ಹೊಗಳುವುದು ಉಚಿತವೇ ಎಂಬ ಸಂದೇಹ ಅವರದು. ನಾವು ಹೊಗಳಲು ಬಂದಿಲ್ಲ, ತೆಗಳಲೂ ಬಂದಿಲ್ಲ. ಎರಡು ವರ್ಷಗಳ ಕಾಲ ಆ ಆಟದಲ್ಲಿ ಸೋತು ಸುಣ್ಣವಾದ ಒಂದು ತಂಡವನ್ನು ಎಳೆಯ ಆಟಗಾರರಿಂದ ಮತ್ತೆ ಕಟ್ಟಲು ಯತ್ನಿಸಿದೆವು. ಅದರಲ್ಲಿ ಕಂಡುಕೊಂಡದ್ದು ಈಗ ಸಂಘದ ಮುಂದಿರುವ ಒಂದು ಪ್ರಶ್ನೆಗೂ ಸಂಬಂಧಿಸಿದೆ: ಈ ವರ್ಷದ ಕ್ರೀಡಾನಿಧಿಯನ್ನು ಹತ್ತನೆಯ ತರಗತಿಯವರ ತಂಡದ ಉಡುಪಿಗೂ ಪ್ರಯಾಣಕ್ಕೂ ವೆಚ್ಚ ಮಾಡುವುದೇ, ಅಥವಾ ಚಿಕ್ಕ ಮಕ್ಕಳ ಅಭ್ಯಾಸಕ್ಕೆ ಕೊಡುವುದೇ ಎಂಬ ಪ್ರಶ್ನೆ. ಆದಕಾರಣ ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ಬೇಡುತ್ತೇವೆ.

ಈ ಆಟ ಹುಟ್ಟಿದ್ದೇ ಕೆಟ್ಟ ಹವೆಯಿಂದ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬಲ್ಲಿ, ಚಳಿಯಲ್ಲಿ ಹೊರಗೆ ಆಡಲಾರದೆ ಒಳಗೆ ಕುಳಿತು ಬೇಸತ್ತಿದ್ದ 18 ಮಂದಿ ತರುಣರಿಗಾಗಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಹಣ್ಣಿನ ಬುಟ್ಟಿಗಳೆರಡನ್ನು ಎತ್ತರದಲ್ಲಿ ಮೊಳೆ ಹೊಡೆದು ನಿಲ್ಲಿಸಿ, 13 ನಿಯಮಗಳನ್ನು ಬರೆದರು. ಬುಟ್ಟಿಯನ್ನು ನೆಲದಿಂದ ಹತ್ತಡಿ ಎತ್ತರದಲ್ಲಿ ಕಟ್ಟಿದ್ದರು. ಇಂದಿಗೂ ದೊಡ್ಡವರ ಆಟದಲ್ಲಿ ಅದೇ ಎತ್ತರ. ಮದರಾಸಿನಲ್ಲಿ 1920ರಲ್ಲಿ ಹ್ಯಾರಿ ಕ್ರೋ ಬಕ್ ಅವರು ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣದ ಕಾಲೇಜನ್ನು ಸ್ಥಾಪಿಸಿದ ಮೇಲೆ, ಅಲ್ಲಿ ತರಬೇತಿ ಪಡೆದ ಶಿಕ್ಷಕರು ದಕ್ಷಿಣದ ಶಾಲೆಗಳಿಗೆ ಇಂಥ ಆಟಗಳನ್ನು ಒಯ್ದರು. ನಮ್ಮ ಅರವಂಕಾಡಿನಲ್ಲಿ ಹಿಮದ ಕಾಟವಿಲ್ಲ, ಮಳೆಯ ಕಾಟವುಂಟು. ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ ಈಶಾನ್ಯ ಮಾರುತ ಕೂನೂರಿನ ಕಡೆಯಿಂದ ಮೇಲೇರಿ ಬಂದಾಗ ನಮ್ಮ ಅಂಕಣದಲ್ಲಿ ಚೆಂಡು ಪುಟಿಯುವುದಿಲ್ಲ, ತೇಲುತ್ತದೆ. ಅಂಥ ಒಂದು ನವೆಂಬರಿನಲ್ಲಿ, ಎಂಟನೆಯ ತರಗತಿಯಲ್ಲಿದ್ದ ನಮ್ಮ ಮೊಮ್ಮಗಳು, “ತಾತ, ನಮ್ಮ ಲೀಗಿನಲ್ಲಿ ಒಂದು ತಂಡಕ್ಕೆ ಯಜಮಾನರಿಲ್ಲ, ನೀವು ಬರುತ್ತೀರಾ?” ಎಂದು ಕೇಳಿದಳು.

ಆ ಲೀಗಿನ ಸ್ವರೂಪವನ್ನು ತಿಳಿಯದವರಿಗಾಗಿ ಹೇಳಬೇಕು. ಬಾಸ್ಕೆಟ್‌ಬಾಲ್ ಜಿ.ಎಂ. ಎಂಬುದು ಕಾಸು ಕೊಡದೆ ಆಡಬಹುದಾದ ಒಂದು ಕಂಪ್ಯೂಟರ್ ಆಟ. ಇದರಲ್ಲಿ ಬೆರಳಿನಿಂದ ಚೆಂಡನ್ನು ಎಸೆಯುವುದಿಲ್ಲ. ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರಿಗೆ ಎಷ್ಟು ಸಂಬಳ, ಯಾರನ್ನು ಎಷ್ಟು ಹೊತ್ತು ಆಡಿಸಬೇಕು ಎಂಬುದನ್ನಷ್ಟೇ ನಾವು ನಿರ್ಧರಿಸಬೇಕು. ಪಂದ್ಯವನ್ನು ಕಂಪ್ಯೂಟರ್ ತಾನೇ ಆಡಿ ಫಲಿತಾಂಶ ಹೇಳುತ್ತದೆ. ಆಟಗಾರರು ಯಾರೂ ಹುಟ್ಟಿದವರಲ್ಲ. ಹೆಸರು, ವಯಸ್ಸು, ಎತ್ತರ ಎಲ್ಲವೂ ಯಂತ್ರದ ಕಲ್ಪನೆ. ಮೊಮ್ಮಗಳೂ ಅವಳ ಗೆಳತಿಯರೂ ಅವರ ಅಣ್ಣಂದಿರೂ ಸೇರಿ ತಲೆಗೊಂದು ತಂಡ ಹಂಚಿಕೊಂಡಿದ್ದರು. ಲೀಗಿನ ಕಡತ ಒಬ್ಬನ ಬಳಿ. ಉಳಿದವರು ತಮ್ಮ ತೀರ್ಮಾನಗಳನ್ನು ಅವನಿಗೆ ಬರೆದು ಕಳುಹಿಸುವುದು. ಭಾನುವಾರ ಸಂಜೆ ಅವನು ಯಂತ್ರವನ್ನು ಓಡಿಸಿ ಫಲಿತಾಂಶಗಳನ್ನು ಹಂಚುವುದು. ನಮ್ಮ ಮೂರು ತಿಂಗಳಿಗೆ ಆಟದೊಳಗೆ ಒಂದು ವರ್ಷ. ಅಂದರೆ ಮೊಮ್ಮಗಳು ಎಂಟರಿಂದ ಹತ್ತಕ್ಕೆ ಬರುವಷ್ಟರಲ್ಲಿ ಅಲ್ಲಿ ಏಳು ವರ್ಷಗಳು ಕಳೆದುಹೋಗಿವೆ.

ಯಂತ್ರವು ಪಂದ್ಯವನ್ನು ಹೇಗೆ ಆಡುತ್ತದೆ? ಚೌಕಾಬಾರದಲ್ಲಿ ಕವಡೆ ಚೆಲ್ಲಿದಂತೆ ಎಂದು ತಿಳಿಯಬೇಕು. ಒಬ್ಬ ಆಟಗಾರನಿಗೆ ನೂರಕ್ಕೆ 35 ಸಲ ದೂರದ ಎಸೆತ ಬೀಳುವ ಯೋಗ್ಯತೆಯಿದೆಯೆಂದರೆ, ಪ್ರತಿ ಎಸೆತಕ್ಕೂ ಯಂತ್ರ ಗುಪ್ತವಾಗಿ ಒಂದು ಸಂಖ್ಯೆಯನ್ನು ಎತ್ತಿ ನೋಡುತ್ತದೆ. ದೂರದ ಎಸೆತಕ್ಕೆ ಮೂರು ಅಂಕ, ಹತ್ತಿರದ್ದಕ್ಕೆ ಎರಡು. ನೂರು ಎಸೆತಗಳಲ್ಲಿ 35 ಬಿದ್ದರೆ 105 ಅಂಕ. ಹತ್ತಿರದಿಂದ ನೂರಕ್ಕೆ 50 ಬೀಳಿಸುವವನಿಗೆ 100 ಅಂಕ. ಹೆಚ್ಚು ಸಲ ತಪ್ಪುವವನೇ ಹೆಚ್ಚು ಗಳಿಸಿದ ಈ ಲೆಕ್ಕವನ್ನು ಆರನೆಯ ತರಗತಿಯ ಮಕ್ಕಳು ಮನೆಗೆ ಹೋಗಿ ತಾವೇ ಮಾಡಿ ನೋಡಲಿ. ಗಣಿತ ಪಾಠ ಹೇಳಿದ ಚಪಲ, ಕ್ಷಮಿಸಬೇಕು.

ನಮ್ಮ ಪಾಲಿಗೆ ಬಂದ ತಂಡ ಕೊನೆಯ ಸ್ಥಾನದ್ದು. ಅದರಲ್ಲಿ ಹೇಳಿಕೊಳ್ಳುವಂಥವನು ಒಬ್ಬನೇ, 31 ವರ್ಷದ ನಡು ಆಟಗಾರ. ಸಂಬಳದ ಮಿತಿಯ ಮೂರನೆಯ ಒಂದು ಭಾಗವನ್ನು ಅವನೊಬ್ಬನೇ ನುಂಗುತ್ತಿದ್ದ. ಉಳಿದವರು ಮೂವತ್ತರ ಆಚೆಯವರು, ಅಥವಾ ಎಲ್ಲಿಯೂ ಸಲ್ಲದವರು. ಇದ್ದವನನ್ನು ಇಟ್ಟುಕೊಂಡು ಇನ್ನಿಬ್ಬರು ಅನುಭವಿಗಳನ್ನು ತಂದರೆ ಈ ವರ್ಷ ನಡುವಿನ ಸ್ಥಾನಕ್ಕೆ ಬರಬಹುದೆಂದು ನಾವು ಲೆಕ್ಕ ಹಾಕಿದೆವು. ಮೊಮ್ಮಗಳು ತಲೆಯಾಡಿಸಿದಳು. “ತಾತ, ಅವನನ್ನು ಕೊಟ್ಟುಬಿಡಿ. ಎರಡು ವರ್ಷದಲ್ಲಿ ಅವನು ಇಳಿದುಹೋಗುತ್ತಾನೆ. ಆಗ ಯಾರೂ ಕೇಳುವುದಿಲ್ಲ. ಈಗ ಕೊಟ್ಟರೆ ಎರಡು ವರ್ಷದ ಹೊಸಬರ ಆಯ್ಕೆಯ ಹಕ್ಕು ಸಿಗುತ್ತದೆ.”

ಹೊಸಬರ ಆಯ್ಕೆಯೆಂದರೆ, ವರ್ಷದ ಕೊನೆಗೆ 19ರಿಂದ 22ರ ವಯಸ್ಸಿನ ತರುಣರ ಪಟ್ಟಿ ಬರುತ್ತದೆ. ಸೋತ ತಂಡಗಳಿಗೆ ಮೊದಲು ಆರಿಸುವ ಅವಕಾಶ. ಬೇರೆ ತಂಡದ ಆ ಹಕ್ಕನ್ನು ಆಟಗಾರರನ್ನು ಕೊಟ್ಟು ಪಡೆಯಬಹುದು. ನಮ್ಮ ಬೆಟ್ಟದವರಿಗೆ ಇದನ್ನು ತಿಳಿಯುವುದು ಸುಲಭ. ತೋಟದವರು ನಾಲ್ಕೈದು ವರ್ಷಕ್ಕೊಮ್ಮೆ ಚಹಾ ಗಿಡಕ್ಕೆ ಕವಾತು ಮಾಡುತ್ತಾರೆ. ಹಸಿರಾಗಿ ಇದ್ದ ಗಿಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ ಬಿಟ್ಟಾಗ ತೋಟ ಸುಟ್ಟಂತೆ ಕಾಣುತ್ತದೆ. ಕೆಲವು ತಿಂಗಳು ಎಲೆಯಿಲ್ಲ, ಹಣವಿಲ್ಲ. ಹಾಗೆಂದು ಕವಾತು ಮಾಡದೆ ಬಿಟ್ಟ ಗಿಡ ಮರವಾಗುತ್ತದೆ, ಕೈಗೆಟುಕುವ ಚಿಗುರು ಕೊಡುವುದಿಲ್ಲ. ಮೊಮ್ಮಗಳ ಮಾತು ಸರಿಯೆನಿಸಿ ಆ ನಡು ಆಟಗಾರನನ್ನು ಕೊಟ್ಟೆವು.

ಕೊಟ್ಟ ಮೇಲೆ ಮನಸ್ಸು ಕುಟುಕಿತೆಂದರೆ ನಗುತ್ತೀರಿ. ಅವನು ಹುಟ್ಟಿದವನೇ ಅಲ್ಲವಲ್ಲ! ಆದರೂ ನಮಗೆ ನೆನಪಾದವರು ಚೆನ್ನೈಯ ಅನಿತಾ ಪಾಲ್‌ದುರೈ ಅವರು. 2017ರ ಜುಲೈಯಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣದಲ್ಲಿ ಏಷ್ಯಾ ಕಪ್ ಮಹಿಳಾ ಕೂಟದ ಎರಡನೆಯ ದರ್ಜೆಯ ಅಂತಿಮ ಪಂದ್ಯವನ್ನು ಭಾರತ ಕಜಕಸ್ತಾನದ ಮೇಲೆ 75–73ರಿಂದ ಗೆದ್ದಿತು. ಮೂವತ್ತು ದಾಟಿ, ತಾಯಿಯಾದ ಮೇಲೆ ಮರಳಿ ಅಂಕಣಕ್ಕೆ ಬಂದು ಆ ತಂಡದಲ್ಲಿ ಆಡಿದವರು ಅವರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ನಮ್ಮ ಯಂತ್ರದ ಲೆಕ್ಕದಲ್ಲಿ ಅಂಥವರನ್ನು ಎಂದೋ ಕೊಟ್ಟುಬಿಡಬೇಕಾಗಿತ್ತು. ಅಂದು ಗೆದ್ದು ಮೇಲಿನ ದರ್ಜೆಗೆ ಏರಿದ ಭಾರತ 2019ರಲ್ಲಿ ಅದೇ ಬೆಂಗಳೂರಿನಲ್ಲಿ ಆ ದರ್ಜೆಯ ಎಂಟು ತಂಡಗಳಲ್ಲಿ ಕೊನೆಯದಾಯಿತು. ಒಂದು ಗೆಲವಿನಿಂದ ತಂಡ ಕಟ್ಟಿ ಮುಗಿಯುವುದಿಲ್ಲವೆಂಬುದಕ್ಕೆ ನಮ್ಮ ಮನೆಯಂಗಳದ ಉದಾಹರಣೆ ಇದು.

ಮೊದಲ ವರ್ಷ ಸೋತೆವು. ಎರಡನೆಯ ವರ್ಷವೂ ಸೋತೆವು. ಆಗ ನಮಗೆ ಒಂದು ದುರ್ಬುದ್ಧಿ ಹುಟ್ಟಿತು. ಹೇಗಿದ್ದರೂ ಸೋಲುತ್ತೇವೆ, ಇನ್ನೂ ಚೆನ್ನಾಗಿ ಸೋತರೆ ಮೊದಲ ಆಯ್ಕೆಯೇ ನಮ್ಮದಲ್ಲವೇ? ಇದ್ದ ಒಳ್ಳೆಯ ಆಟಗಾರರನ್ನು ಬೆಂಚಿನಲ್ಲಿ ಕೂರಿಸಿದರಾಯಿತು! ಈ ಉಪಾಯ ನಮ್ಮ ಕಂಡುಹಿಡಿತವಲ್ಲ. ಅಮೆರಿಕದ ಎನ್.ಬಿ.ಎ. ಪಂದ್ಯಕೂಟದಲ್ಲಿ ಇದರ ಬಾಧೆ ಹಳೆಯದು. ಅದನ್ನು ತಡೆಯಲೆಂದು 1985ರಲ್ಲಿಯೇ ಚೀಟಿ ಎತ್ತುವ ಪದ್ಧತಿಯನ್ನು ತಂದರು. 2019ರಲ್ಲಿ ಅದನ್ನು ಮತ್ತೆ ತಿದ್ದಿ, ಅತ್ಯಂತ ಕೆಳಗಿನ ಮೂರು ತಂಡಗಳಿಗೂ ಮೊದಲ ಆಯ್ಕೆಗೆ ನೂರಕ್ಕೆ 14ರಂತೆ ಸಮಾನ ಅವಕಾಶ ಮಾಡಿದರು. ಫಿಲಡೆಲ್ಫಿಯಾದ ತಂಡ 2013ರಿಂದ 2016ರ ವರೆಗಿನ ಮೂರು ಋತುಗಳಲ್ಲಿ ಕ್ರಮವಾಗಿ 19, 18, 10 ಪಂದ್ಯಗಳನ್ನು ಮಾತ್ರ ಗೆದ್ದಿತು. ಪ್ರತಿ ಋತುವಿನಲ್ಲಿಯೂ ಆಡಿದ್ದು 82 ಪಂದ್ಯ. ಮುಂದಿನ ತಲೆಮಾರಿಗಾಗಿ ಬುದ್ಧಿಪೂರ್ವಕವಾಗಿಯೇ ಈ ದಾರಿ ಹಿಡಿದಿದ್ದರು. ಆಯ್ಕೆಯಲ್ಲಿ ಒಳ್ಳೆಯ ಆಟಗಾರರು ಸಿಕ್ಕರು. ಜೋಯಲ್ ಎಂಬೀಡ್ 2023ರಲ್ಲಿ ಕೂಟದ ಅತ್ಯುತ್ತಮ ಆಟಗಾರನೆನಿಸಿದ. ಆದರೂ 2025ರ ವರೆಗೆ ಆ ತಂಡ ಅಂತಿಮ ಪಂದ್ಯಗಳ ಹೊಸ್ತಿಲನ್ನು ತುಳಿಯಲಿಲ್ಲ.

ಒಕ್ಲಹೋಮಾ ಸಿಟಿಯ ತಂಡದ ಕಥೆ ಬೇರೆ. 2019ರಲ್ಲಿ ಅವರು ತಮ್ಮ ಪ್ರಸಿದ್ಧ ಆಟಗಾರ ಪಾಲ್ ಜಾರ್ಜ್‌ನನ್ನು ಲಾಸ್ ಏಂಜಲೀಸಿನ ಕ್ಲಿಪ್ಪರ್ಸ್ ತಂಡಕ್ಕೆ ಕೊಟ್ಟು, ಷೇ ಗಿಲ್ಜಸ್ ಅಲೆಕ್ಸಾಂಡರ್ ಎಂಬ 20 ವರ್ಷದ ತರುಣನನ್ನೂ, ಮುಂದಿನ ವರ್ಷಗಳ ಹಲವು ಆಯ್ಕೆಯ ಹಕ್ಕುಗಳನ್ನೂ ಪಡೆದರು. ಬಳಿಕ ಸೋಲಿನ ಕಾಲ ಬಂತು. 2020–21ರಲ್ಲಿ 22 ಗೆಲವು, 50 ಸೋಲು. ಮರುವರ್ಷ 24 ಗೆಲವು, 58 ಸೋಲು. 2021ರ ಡಿಸೆಂಬರ್ 2ರಂದು ಮೆಂಫಿಸಿನ ತಂಡ ಅವರನ್ನು 152–79ರಿಂದ ಸೋಲಿಸಿತು. 73 ಅಂಕಗಳ ಆ ಅಂತರ ಎನ್.ಬಿ.ಎ. ಚರಿತ್ರೆಯಲ್ಲಿಯೇ ಅಂದಿಗೆ ಅತ್ಯಂತ ದೊಡ್ಡದು. ಆ ರಾತ್ರಿ ಆಡಿದ ಹುಡುಗರು ಮರುದಿನ ಅಭ್ಯಾಸಕ್ಕೆ ಹೇಗೆ ಬಂದಿರಬಹುದೆಂದು ನಾವು ಎಷ್ಟೋ ಸಲ ಯೋಚಿಸಿದ್ದೇವೆ. ಮುಂದಿನ ವರ್ಷ 40 ಗೆಲವು, ಅದರ ಮುಂದಿನ ವರ್ಷ 57, ಆಮೇಲೆ 68. 2025ರ ಜೂನ್ 22ರಂದು ಇಂಡಿಯಾನದ ತಂಡದ ಮೇಲೆ ಏಳನೆಯ ಪಂದ್ಯವನ್ನು ಗೆದ್ದು ಪ್ರಶಸ್ತಿ ಪಡೆದರು.

ಇಬ್ಬರೂ ಸೋತವರೇ. ವ್ಯತ್ಯಾಸವೆಲ್ಲಿ? ಅದೃಷ್ಟದ ಪಾಲು ದೊಡ್ಡದೆಂದು ಮೊದಲೇ ಒಪ್ಪುತ್ತೇವೆ. ಆದರೆ ಒಕ್ಲಹೋಮಾದವರು ಪಟ್ಟಿಯ ಮೇಲಿನ ಹೆಸರುಗಳನ್ನು ಮಾತ್ರ ನೆಚ್ಚಿ ಕೂರಲಿಲ್ಲವೆಂಬುದು ನಮ್ಮ ತಿಳಿವಳಿಕೆ. ಅವರ ಪ್ರಶಸ್ತಿ ತಂಡದಲ್ಲಿ ಎದುರಾಳಿಯನ್ನು ಕಟ್ಟಿಹಾಕುವ ಕೆಲಸಕ್ಕೆ ನಿಂತ ಲುಗೆಂಟ್ಸ್ ಡಾರ್ಟ್ ಎಂಬವನನ್ನು 2019ರ ಆಯ್ಕೆಯಲ್ಲಿ ಮೂವತ್ತು ತಂಡಗಳಲ್ಲಿ ಒಂದೂ ಆರಿಸಿರಲಿಲ್ಲ. ಹೆಸರೇ ಬಾರದ ಆ ಹುಡುಗನನ್ನು ಕರೆತಂದು, ಸೋಲಿನ ವರ್ಷಗಳುದ್ದಕ್ಕೂ ಆಡಿಸಿ, ಆರು ವರ್ಷ ಕಾದರು.

ಮೊಮ್ಮಗಳ ಮುಂದೆ ನಮ್ಮ ದುರ್ಬುದ್ಧಿಯನ್ನು ಹೇಳಿದಾಗ ಅವಳು ಮುಖ ಸಣ್ಣದು ಮಾಡಿ, “ಹಾಗೆ ಮಾಡಿದರೆ ಆಡುವುದಾದರೂ ಏಕೆ, ತಾತ?” ಎಂದಳು. ಬೆಂಚಿನಿಂದ ಎಲ್ಲರನ್ನೂ ಎಬ್ಬಿಸಿದೆವು.

ಆ ವರ್ಷ ಐದನೆಯ ಸರದಿಯಲ್ಲಿ ನಮಗೆ ಸಿಕ್ಕವನು 19 ವರ್ಷದ ಒಬ್ಬ ತರುಣ. ಯಂತ್ರ ಅವನಿಗೆ ಈಗಿನ ಯೋಗ್ಯತೆ ನೂರಕ್ಕೆ 44, ಮುಂದೆ ಬರಬಹುದಾದದ್ದು 66 ಎಂದು ಎರಡು ಸಂಖ್ಯೆ ಕೊಟ್ಟಿತ್ತು. ಮೊದಲ ಹತ್ತು ಪಂದ್ಯಗಳಲ್ಲಿ ಅವನ ದೂರದ ಎಸೆತ ಬೀಳಲೇ ಇಲ್ಲವೆನ್ನಬಹುದು. ನಾವು ಅವನನ್ನು ಕೂರಿಸಲು ಹೊರಟೆವು. ಗಣಿತದ ಮೇಷ್ಟರಿಗೆ ಮೊಮ್ಮಗಳು ಗಣಿತ ಹೇಳಿದಳು: ಹತ್ತು ಪಂದ್ಯಗಳಲ್ಲಿ ಅವನು ಎಸೆದದ್ದು ಒಟ್ಟು 25 ಎಸೆತ, ಕವಡೆಯನ್ನು 25 ಸಲ ಚೆಲ್ಲಿ ಅದರ ಗುಣ ಹೇಳಲಾಗುತ್ತದೆಯೇ? ನೂರು ಆಗಲಿ, ಇನ್ನೂರು ಆಗಲಿ. ಅವನನ್ನು ಆಡಿಸಿದೆವು. ವರ್ಷದ ಕೊನೆಗೆ ಅವನ ಲೆಕ್ಕ ಸರಿಯಾಗಿ ನಿಂತಿತು. ನಾಲ್ಕನೆಯ ವರ್ಷ ನಮ್ಮ ತಂಡ ನಡುವಿನ ಸ್ಥಾನಕ್ಕೆ ಬಂತು, ಆರನೆಯ ವರ್ಷ ಅಂತಿಮ ಸುತ್ತಿಗೆ. ಗೆಲ್ಲಲಿಲ್ಲ, ಗೆದ್ದದ್ದು ಮೊಮ್ಮಗಳ ತಂಡ, ಅದರಲ್ಲಿ ನಮಗೆ ಅವಮಾನವಿಲ್ಲ.

ಪರದೆಯ ಆಟದಿಂದ ಇಷ್ಟು ಪಾಠ ಸಿಕ್ಕಿತು. ಆದರೆ ಅದರಲ್ಲಿಯೇ ಒಂದು ಕೊಂಕೂ ಇದೆ. ಅದನ್ನು ಹೇಳಲೆಂದೇ ನಾವು ಎದ್ದು ನಿಂತದ್ದು. ಆ 66 ಎಂಬ ಸಂಖ್ಯೆ! ಅಲ್ಲಿಯ ಪ್ರತಿ ತರುಣನ ಹಣೆಯ ಮೇಲೂ ಅವನು ಮುಂದೆ ಏನಾಗಬಹುದೆಂಬ ಅಂದಾಜನ್ನು ಯಂತ್ರ ಬರೆದಿಡುತ್ತದೆ. ಎರಡು ವರ್ಷ ಅದನ್ನು ನೋಡಿ ನೋಡಿ ನಮ್ಮ ಕಣ್ಣು ಕೆಟ್ಟಿತು. ಕಳೆದ ಜೂನಿನಲ್ಲಿ ನಮ್ಮ ಅಂಕಣದಲ್ಲಿ ಏಳನೆಯ ತರಗತಿಯ ಮಕ್ಕಳು ಚೆಂಡು ಪುಟಿಸುವುದನ್ನು ನೋಡುತ್ತ ನಿಂತಿದ್ದಾಗ, ಇವನು 40, ಇವಳು 60, ಇವನಿಂದ ಆಗದು ಎಂದು ಮನಸ್ಸು ತಾನಾಗಿ ಎಣಿಸುತ್ತಿತ್ತು. ಆಗ ಒಬ್ಬ ಹುಡುಗನ ನೆನಪಾಯಿತು.

ಬಹಳ ವರ್ಷಗಳ ಹಿಂದೆ, ಬೇರೊಂದು ಊರಿನ ಶಾಲೆಯಲ್ಲಿ ಗಣಿತ ಹೇಳುತ್ತ, ಸಂಜೆ ಬಾಸ್ಕೆಟ್‌ಬಾಲ್ ತಂಡವನ್ನೂ ನೋಡಿಕೊಳ್ಳುತ್ತಿದ್ದೆವು. ಎಂಟನೆಯ ತರಗತಿಯ ಒಬ್ಬ ಹುಡುಗ ದಿನ ತಪ್ಪದೆ ಬರುತ್ತಿದ್ದ. ಕುಳ್ಳ, ಕೈ ಸಣ್ಣದು. ಚೆಂಡಿಗಿಂತ ಮುಂಚೆ ಅವನೇ ಓಡಿ ಅಂಕಣವನ್ನು ಗುಡಿಸುತ್ತಿದ್ದ. ಹನ್ನೆರಡು ಹೆಸರುಗಳ ಪಟ್ಟಿ ಬರೆಯುವ ದಿನ ಅವನನ್ನು ಕರೆದು, “ನಿನಗೆ ಈ ಆಟ ಒಗ್ಗುವುದಿಲ್ಲ, ಎತ್ತರ ಸಾಲದು, ಓಟಕ್ಕೋ ಕಬಡ್ಡಿಗೋ ಸೇರು” ಎಂದೆವು. ಹಿತ ಹೇಳಿದೆವೆಂದೇ ತಿಳಿದಿದ್ದೆವು. ಅವನು “ಆಗಲಿ ಸಾರ್” ಎಂದು ಹೋದ. ಓಟಕ್ಕೂ ಸೇರಲಿಲ್ಲ, ಕಬಡ್ಡಿಗೂ ಸೇರಲಿಲ್ಲ. ಹತ್ತನೆಯ ತರಗತಿಯಲ್ಲಿ ಅವನು ನಮ್ಮ ಪಟ್ಟಿಯ ಹನ್ನೆರಡು ಮಂದಿಗಿಂತಲೂ ಎತ್ತರವಾಗಿದ್ದ. ಒಂದು ಸಂಜೆ ಕರೆದೆವು. ಮನೆಯಲ್ಲಿ ಕೆಲಸವಿದೆ ಎಂದ. ವರ್ಷಗಳ ಮೇಲೆ ಕೂನೂರಿನ ಪೇಟೆಯಲ್ಲಿ ಒಮ್ಮೆ ಸಿಕ್ಕಿ, ಕೈಯ ಚೀಲವನ್ನು ಕೆಳಗಿಟ್ಟು ನಮಸ್ಕಾರ ಮಾಡಿ, “ಈಗಲೂ ಆಟ ಆಡಿಸುತ್ತೀರಾ ಸಾರ್?” ಎಂದು ಕೇಳಿದ. ನಿಷ್ಠುರದ ಮಾತೊಂದನ್ನೂ ಆಡಲಿಲ್ಲ.

ಹುಡುಗಿಯರು ಸಾಮಾನ್ಯವಾಗಿ ಹನ್ನೆರಡರ ಸುಮಾರಿನಲ್ಲಿ, ಹುಡುಗರು ಹದಿನಾಲ್ಕರ ಸುಮಾರಿನಲ್ಲಿ ಬೇಗ ಬೇಗ ಎತ್ತರವಾಗುತ್ತಾರೆ. ಅದೂ ಒಬ್ಬರಿಗೆ ಎರಡು ವರ್ಷ ಮೊದಲು, ಇನ್ನೊಬ್ಬರಿಗೆ ಎರಡು ವರ್ಷ ತಡ. ಇದು ಯಾವ ವೈದ್ಯರನ್ನು ಕೇಳಿದರೂ ತಿಳಿಯುವ ಸಂಗತಿ. ಅಂದು ನಾವು ಕೇಳಲಿಲ್ಲ. ಇನ್ನು ಎತ್ತರವಾಗದೆಯೇ ಉಳಿದವರ ಮಾತು: ಮಗ್ಸಿ ಬೋಗ್ಸ್ ಎಂಬವನು ಐದಡಿ ಮೂರಂಗುಲ ಎತ್ತರದವನು, 1987ರಿಂದ 2001ರ ವರೆಗೆ 14 ಋತು ಎನ್.ಬಿ.ಎ.ಯಲ್ಲಿ ಆಡಿದ. ಎಲ್ಲ ದಾಸ್ತಾನುಗಳನ್ನೂ ಮುಂದಿಟ್ಟುಕೊಂಡು, ಕೋಟಿಗಟ್ಟಲೆ ವೆಚ್ಚ ಮಾಡಿ ಹೊಸಬರನ್ನು ಅಳೆಯುವ ಆ ತಂಡಗಳೇ 2014ರಲ್ಲಿ ಸರ್ಬಿಯಾದ ನಿಕೋಲಾ ಯೋಕಿಚ್‌ನನ್ನು 41ನೆಯವನನ್ನಾಗಿ ಆರಿಸಿದುವು. ಅವನಿಗಿಂತ ಮೊದಲು 40 ಮಂದಿ ಮೇಲೆಂದು ತೀರ್ಮಾನಿಸಿದ್ದರು. ಅವನು 2021, 2022, 2024ರಲ್ಲಿ ಅತ್ಯುತ್ತಮ ಆಟಗಾರನೆನಿಸಿದ. 2023ರಲ್ಲಿ ಡೆನ್ವರ್ ತಂಡಕ್ಕೆ ಪ್ರಶಸ್ತಿ ತಂದ. ಅಷ್ಟು ಬಲ್ಲವರೇ ಎಡವಿದಲ್ಲಿ, ಸಂಜೆಯ ಅರ್ಧ ಗಂಟೆ ನೋಡಿ ಪಟ್ಟಿ ಬರೆಯುವ ನಮ್ಮಂಥವರ ಮಾತೇನು?

ಈಗ ಕ್ರೀಡಾನಿಧಿಯ ಪ್ರಶ್ನೆಗೆ ಬರುತ್ತೇವೆ. ಹತ್ತನೆಯ ತರಗತಿಯ ತಂಡ ಒಳ್ಳೆಯ ತಂಡ. ಅದರಲ್ಲಿ ನಮ್ಮ ಮೊಮ್ಮಗಳೂ ಇದ್ದಾಳೆ. ಆದಕಾರಣ ಈ ಮಾತನ್ನು ಅವಳ ಅಪ್ಪಣೆ ಪಡೆದೇ ಹೇಳುತ್ತಿದ್ದೇವೆ. ಮಾರ್ಚಿನ ಪರೀಕ್ಷೆ ಮುಗಿದರೆ ಅವರೆಲ್ಲ ಹೊರಡುತ್ತಾರೆ. ಪ್ರತಿ ವರ್ಷವೂ ಹೀಗೆಯೇ. ಹೊಸ ಉಡುಪು ಬರುತ್ತದೆ, ತೊಟ್ಟವರು ಹೋಗುತ್ತಾರೆ, ಜೂನಿನಲ್ಲಿ ಅಂಕಣದಲ್ಲಿ ಚೆಂಡು ಹಿಡಿಯಲು ಬಲ್ಲವರು ಯಾರೂ ಇರುವುದಿಲ್ಲ. ಐದು, ಆರನೆಯ ತರಗತಿಯ ಮಕ್ಕಳು ಹತ್ತಡಿ ಎತ್ತರದ ಬಳೆಗೆ ದೊಡ್ಡವರ ಚೆಂಡನ್ನು ಎಸೆಯಲು ಹೋಗಿ, ತಲುಪದೆ, ವಾರದೊಳಗೆ ಬಿಟ್ಟುಹೋಗುತ್ತಾರೆ. ಚಿಕ್ಕವರಿಗೆಂದೇ ಗೊತ್ತುಮಾಡಿದ ಆಟದಲ್ಲಿ ಬಳೆಯ ಎತ್ತರ 2.60 ಮೀಟರು, ಚೆಂಡು 5ನೆಯ ಅಳತೆಯದು. ದೊಡ್ಡವರ ಬಳೆ 3.05 ಮೀಟರಿನಲ್ಲಿದೆ. ಗೋಡೆಗೆ ಎರಡು ತಗ್ಗಿದ ಬಳೆಗಳನ್ನು ಹಾಕಿಸಿ, ಹತ್ತು ಸಣ್ಣ ಚೆಂಡುಗಳನ್ನು ಕೊಳ್ಳಬೇಕೆಂಬುದು ನಮ್ಮ ವಿಜ್ಞಾಪನೆ. ಹಿರಿಯರ ತಂಡ ಈ ವರ್ಷ ಹಳೆಯ ಉಡುಪಿನಲ್ಲಿಯೇ ಆಡಲು ಒಪ್ಪಿದೆ. ಪ್ರಯಾಣದ ವೆಚ್ಚವನ್ನು ಮಾತ್ರ ಕಡಿಮೆ ಮಾಡಬಾರದು. ಅವರನ್ನು ಕೊಟ್ಟುಬಿಡುವ ಮಾತು ಇಲ್ಲಿಲ್ಲ. ಶನಿವಾರಗಳಂದು ಚಿಕ್ಕವರಿಗೆ ಹೇಳಿಕೊಡುವವರೂ ಅವರೇ.

ಸಮಿತಿಯವರು ಬರುವ ವಾರ ಕೂಡುತ್ತಾರೆಂದು ಕೇಳಿದ್ದೇವೆ. ತೀರ್ಮಾನ ಏನೇ ಆಗಲಿ, ಬರುವ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ನಾವು ಅಂಕಣದ ಬಳಿ ಪುಸ್ತಕ ಹಿಡಿದು ಕುಳಿತಿರುತ್ತೇವೆ. ಐದರಿಂದ ಎಂಟನೆಯ ತರಗತಿಯವರೆಗಿನ ಹುಡುಗ ಹುಡುಗಿಯರಲ್ಲಿ ಬಂದವರೆಲ್ಲರ ಹೆಸರನ್ನೂ ಬರೆದುಕೊಳ್ಳುತ್ತೇವೆ. ಹೆಸರಿನ ಮುಂದೆ ಯಾವ ಸಂಖ್ಯೆಯನ್ನೂ ಬರೆಯುವುದಿಲ್ಲ. ಮಕ್ಕಳಿಗೆ ಬೆಚ್ಚನೆಯ ಅಂಗಿ ಹಾಕಿ ಕಳುಹಿಸಬೇಕು, ಐದು ಗಂಟೆಗೆ ಬಂದು ಕರೆದುಕೊಂಡು ಹೋಗಬೇಕು. ಮಳೆ ಬಂದರೆ ಈ ಸಭಾಂಗಣದಲ್ಲಿಯೇ, ಕುರ್ಚಿಗಳನ್ನು ಬದಿಗೆ ಸರಿಸಿ, ಚೆಂಡು ಪುಟಿಸುವ ಅಭ್ಯಾಸ ನಡೆಯುತ್ತದೆ.